ಒಂಬೈನೂರು ಕಿಲೋಮೀಟರ್, ಅದರಲ್ಲಿ ಕೊನೆಯ ಎರಡು

ಹಿಂದಿನ ಸಂಜೆ: ಬೆಂಗಳೂರು

ಮಲೆನಾಡು ಸುತ್ತಲು ಲ್ಯಾಂಡ್ ರೋವರ್ ಡಿಫೆಂಡರ್ ವಾಸಿಯೋ, ಬಿಎಂಡಬ್ಲ್ಯು ಐಎಕ್ಸ್ ವಾಸಿಯೋ? ಎರಡೂ ಗಾಡಿಗಳು ಕೋಟಿಯ ಲೆಕ್ಕದವು. ಎರಡೂ ಐದು ಮೀಟರ್ ಆಸುಪಾಸು ಉದ್ದ. ಮುಂಚಕ್ರಕ್ಕೂ ಹಿಂಚಕ್ರಕ್ಕೂ ನಡುವಿನ ಅಂತರ ಲ್ಯಾಂಡ್ ರೋವರ್ ಡಿಫೆಂಡರ್ 110ರಲ್ಲಿ 3,022 ಮಿ.ಮೀ., ಬಿಎಂಡಬ್ಲ್ಯು ಐಎಕ್ಸ್‌ನಲ್ಲಿ 3,000. ಸಾಮ್ಯ ಅಲ್ಲಿಗೆ ಮುಗಿಯಿತು. ಸ್ಲೊವಾಕಿಯಾದ ನಿತ್ರಾದಿಂದ ಬರುವ ಡಿಫೆಂಡರ್ ಹಿಂಬಾಗಿಲ ಮೇಲೆ ಸ್ಟೆಪ್ನಿ ಹೊತ್ತ ಡೀಸೆಲ್ ಗಾಡಿ. ಡಿ300 ಎಂಬ ಮಾದರಿಯಲ್ಲಿ ಮೂರು ಲೀಟರಿನ ಆರು ಸಿಲಿಂಡರ್ ಎಂಜಿನ್, 300 ಪಿಎಸ್ ಶಕ್ತಿ, 650 ನ್ಯೂಟನ್ ಮೀಟರ್ ತಿರುಗುಬಲ. ಜರ್ಮನಿಯ ಡಿಂಗೋಲ್ಫಿಂಗ್‌ನಲ್ಲಿ ತಯಾರಾಗುವ ಐಎಕ್ಸ್ ಪೂರ್ತಿ ವಿದ್ಯುತ್ತಿನದು. ಎಕ್ಸ್‌ಡ್ರೈವ್50 ಮಾದರಿಯಲ್ಲಿ 523 ಪಿಎಸ್, 765 ನ್ಯೂಟನ್ ಮೀಟರ್, ಬಳಕೆಗೆ ಸಿಗುವ ಬ್ಯಾಟರಿ 105 ಯೂನಿಟ್. ಡಿಫೆಂಡರ್ ನಿಂತಲ್ಲಿಂದ ನೂರರ ವೇಗ ಮುಟ್ಟಲು ಸುಮಾರು 7 ಸೆಕೆಂಡು ತೆಗೆದುಕೊಂಡರೆ ಐಎಕ್ಸ್‌ಗೆ 4.6 ಸಾಕು. ಆದರೆ ಹಾಸನ ದಾಟಿದ ಮೇಲೆ ಈ ಅಂಕಿಯನ್ನು ಕೇಳುವವರು ಯಾರೂ ಇಲ್ಲ.

ದಾರಿ ಹೀಗೆ: ಬೆಂಗಳೂರು, ಸಕಲೇಶಪುರ, ಶಿರಾಡಿ ಘಾಟಿ, ಮಂಗಳೂರು, ಉಡುಪಿ, ಆಗುಂಬೆ, ಶೃಂಗೇರಿ, ಚಿಕ್ಕಮಗಳೂರು, ಮತ್ತೆ ಬೆಂಗಳೂರು. ಐದು ದಿನ, ಸುಮಾರು 900 ಕಿ.ಮೀ. ಕಾಲ ಅಕ್ಟೋಬರ್ ಮೊದಲ ವಾರ. ಮಳೆ ಕಾಲು ತೆಗೆದಿರುತ್ತದೆ, ಕೆಸರು ಇನ್ನೂ ಇರುತ್ತದೆ.

ಹೊರಡುವ ಮುನ್ನ ಮಾಡುವ ಕೆಲಸಗಳೇ ಎರಡರ ಜಾತಿಯನ್ನು ಹೇಳಿಬಿಡುತ್ತವೆ. ಡಿಫೆಂಡರ್‌ಗೆ ಟ್ಯಾಂಕು ತುಂಬ ಡೀಸೆಲ್, ಸುಮಾರು 89 ಲೀಟರ್. ಹೊಗೆಯ ವಿಷ ತಗ್ಗಿಸುವ ಆ್ಯಡ್‌ಬ್ಲೂ ದ್ರವದ ಮಟ್ಟ ನೋಡಬೇಕು. ಅದು ಖಾಲಿಯಾಗುವ ಮೊದಲೇ ಪರದೆ ಎಚ್ಚರಿಸುತ್ತದೆ, ನಿಜ. ಆದರೆ ಎಚ್ಚರಿಕೆಯನ್ನು ಕಡೆಗಣಿಸಿ ಖಾಲಿ ಮಾಡಿದರೆ ಆರಿಸಿದ ಎಂಜಿನ್ ಮತ್ತೆ ಹೊತ್ತಿಕೊಳ್ಳುವುದಿಲ್ಲ. ಬಾಗಿಲ ಮೇಲೆ ನೇತಾಡುವ ಸ್ಟೆಪ್ನಿಯ ಗಾಳಿಯನ್ನು ವರ್ಷಗಟ್ಟಲೆ ಯಾರೂ ನೋಡಿರುವುದಿಲ್ಲ, ಅದನ್ನೂ ನೋಡಬೇಕು. ಚಕ್ರ ಕಳುವಾಗದಂತೆ ಹಾಕುವ ಬೀಗದ ನಟ್ಟಿನ ಕೀಲಿ ಗಾಡಿಯಲ್ಲಿದೆಯೇ, ಅಥವಾ ಕಳೆದ ಸರ್ವಿಸ್‌ನಲ್ಲಿ ಎಲ್ಲೋ ಉಳಿದಿದೆಯೇ? ಪೂರ್ಣ ಗಾತ್ರದ ಸ್ಟೆಪ್ನಿ ಇದ್ದೂ ಆ ಬೆರಳುದ್ದದ ಕೀಲಿ ಇಲ್ಲದೆ ದಾರಿಯಲ್ಲಿ ಕೂರುವವರು ಕಡಿಮೆ ಇಲ್ಲ.

ಐಎಕ್ಸ್‌ನ ಬಾನೆಟ್ ಮಾಲೀಕ ತೆರೆಯುವಂಥದ್ದಲ್ಲ, ಸರ್ವಿಸ್‌ನವರೇ ತೆರೆಯಬೇಕು. ಗಾಜು ತೊಳೆಯುವ ನೀರನ್ನು ಮುಂದಿನ ಲಾಂಛನ ಒತ್ತಿ ಮೇಲೆತ್ತಿ, ಅದರಡಿಯ ಬಾಯಿಗೆ ಸುರಿಯಬೇಕು. ದಿನನಿತ್ಯಕ್ಕೆ ಬ್ಯಾಟರಿ ಶೇ 80 ಸಾಕು. ಈ ರಾತ್ರಿ ಮಾತ್ರ 100. ಡಿಕ್ಕಿಯಲ್ಲಿ ಎರಡು ಕೇಬಲ್ ಇರಲಿ: 16 ಆಂಪಿಯರ್ ಸಾಕೆಟ್ಟಿಗೆ ಹಾಕುವ ಪೋರ್ಟಬಲ್ ಚಾರ್ಜರ್ ಒಂದು, ಎಸಿ ಚಾರ್ಜಿಂಗ್ ಕಂಬಕ್ಕೆ ಜೋಡಿಸುವ ಟೈಪ್ 2 ಕೇಬಲ್ ಇನ್ನೊಂದು. ಚಾರ್ಜಿಂಗ್ ಕಂಪನಿಗಳ ಆ್ಯಪ್ ಮೂರು-ನಾಲ್ಕಾದರೂ ಫೋನಿನಲ್ಲಿರಬೇಕು, ಪ್ರತಿಯೊಂದರ ವಾಲೆಟ್‌ಗೆ ಮನೆಯಲ್ಲೇ ದುಡ್ಡು ತುಂಬಿರಬೇಕು. ಘಟ್ಟದ ಬುಡದಲ್ಲಿ ನಿಂತು ಓಟಿಪಿಗೆ ಕಾಯುವುದು ಹಿಂಸೆ.

ಇನ್ನೊಂದು ಕೆಲಸ ಫೋನಿನದು. ಹೋಮ್‌ಸ್ಟೇಗೆ ಕರೆ ಮಾಡಿ “ರೋಡ್ ಹೇಗಿದೆ?” ಎಂದು ಕೇಳಿದರೆ “ಚೆನ್ನಾಗಿದೆ ಸಾರ್, ಎಲ್ಲ ಗಾಡಿ ಬರ್ತವೆ” ಎಂಬ ಉತ್ತರವೇ ಬರುತ್ತದೆ. ಅವರಿಗೆ ಗಾಡಿ ಎಂದರೆ ಜೀಪು. ಕೇಳಬೇಕಾದದ್ದು: “ಮಳೆ ಬಂದ ಮಾರನೇ ದಿನ ಆಲ್ಟೊ ಮನೆ ಬಾಗಿಲ ತನಕ ಬರುತ್ತಾ?” ಅದರ ಬೆನ್ನಿಗೇ: “ಗಾಡಿ ನಿಲ್ಲಿಸುವ ಜಾಗದ ಹತ್ತಿರ ಗೀಸರ್ ಥರದ ದೊಡ್ಡ ಪ್ಲಗ್ ಪಾಯಿಂಟ್ ಇದೆಯಾ?” ಮೊದಲ ಪ್ರಶ್ನೆಗೆ ‘ಇಲ್ಲ’ ಬಂದರೆ ಡಿಫೆಂಡರ್. ಎರಡನೆಯದಕ್ಕೆ ‘ಇಲ್ಲ’ ಬಂದರೂ ಬಹುಪಾಲು ಡಿಫೆಂಡರೇ.

ಮೊದಲ ದಿನ: ಬೆಂಗಳೂರು – ಸಕಲೇಶಪುರ, ಸುಮಾರು 225 ಕಿ.ಮೀ.

ನೆಲಮಂಗಲ ದಾಟಿ ರಾಷ್ಟ್ರೀಯ ಹೆದ್ದಾರಿ 75 ಹಿಡಿದ ಮೇಲೆ ಹಾಸನದವರೆಗೆ ನಾಲ್ಕು ಪಥ. ಇಲ್ಲಿ ಪೈಪೋಟಿಯೇ ಇಲ್ಲ, ಐಎಕ್ಸ್‌ನದೇ ರಾಜ್ಯ. ಎಂಜಿನ್ನಿನ ಸದ್ದಿಲ್ಲ, ಬ್ಯಾಟರಿ ಗಾಡಿಯ ತಳದಲ್ಲಿ ಹಾಸಿದಂತಿರುವುದರಿಂದ ಎರಡೂವರೆ ಟನ್ ತೂಕವೂ ನೆಲಕ್ಕೆ ಅಂಟಿ ಓಡುತ್ತದೆ. ಡಿಫೆಂಡರ್ ನೆಟ್ಟಗೆ ನಿಂತ ಗೋಡೆಯಂಥ ಗಾಡಿ, ಎತ್ತರ 1,967 ಮಿ.ಮೀ. ವೇಗ 100 ದಾಟಿದರೆ ಗಾಳಿ ಮುಂಗಾಜಿನ ಕಂಬಗಳಿಗೆ ಬಡಿಯುವುದು ಕೇಳುತ್ತದೆ, ಮೈಲೇಜು ಅಲ್ಲೇ ಸೋರುತ್ತದೆ. 80–90ರಲ್ಲಿ ಓಡಿಸಿದರೆ ಲೀಟರಿಗೆ 10–11 ಕಿ.ಮೀ. ನಿರೀಕ್ಷಿಸಬಹುದು. ಡೀಸೆಲ್‌ಗೆ ಇಂಥ ಒಂದೇ ಸಮನೆಯ ಓಟ ಔಷಧಿಯೂ ಹೌದು. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ತನ್ನೊಳಗಿನ ಮಸಿಯನ್ನು ಸುಟ್ಟುಕೊಳ್ಳಬೇಕಾದರೆ ಹೊಗೆಕೊಳವೆ ಚೆನ್ನಾಗಿ ಕಾಯಬೇಕು. ಜಯನಗರದಿಂದ ಎಂ.ಜಿ. ರಸ್ತೆಗೆ ಹೋಗಿ ಬರುವ ಓಡಾಟದಲ್ಲಿ ಅದು ಕಾಯುವುದೇ ಇಲ್ಲ. ಸುಡುವ ಕೆಲಸ ಅರ್ಧಕ್ಕೆ ನಿಂತಷ್ಟೂ ಉರಿಯದೆ ಉಳಿದ ಡೀಸೆಲ್ಲು ಎಂಜಿನ್ ಆಯಿಲ್‌ಗೆ ಇಳಿದು ಅದನ್ನು ತೆಳುಮಾಡುತ್ತದೆ. ಊರೊಳಗೇ ಓಡಿಸುವವರು ಡೀಸೆಲ್ ಎಸ್‌ಯುವಿ ಕೊಂಡರೆ ಬರುವ ತೊಂದರೆ ಇದು, ಬ್ರ್ಯಾಂಡ್ ಯಾವುದಾದರೂ ಸರಿ.

ಐಎಕ್ಸ್‌ನ ಲೆಕ್ಕ ಸರಳ. ಎಸಿ ಹಾಕಿಕೊಂಡು, ನಾಲ್ವರನ್ನೂ ಸಾಮಾನನ್ನೂ ಹೊತ್ತು 90–100ರಲ್ಲಿ ಓಡಿದರೆ ನೂರು ಕಿಲೋಮೀಟರಿಗೆ 22 ಯೂನಿಟ್ ಹಿಡಿಯಬಹುದು. 225 ಕಿ.ಮೀ.ಗೆ 50 ಯೂನಿಟ್. ಬೆಂಗಳೂರೂ ಸಕಲೇಶಪುರವೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರುವುದರಿಂದ, 900 ಮೀಟರ್ ಚಿಲ್ಲರೆ, ಏರಿನ ಖರ್ಚನ್ನು ಬೇರೆ ಸೇರಿಸಬೇಕಿಲ್ಲ. ಸಕಲೇಶಪುರ ತಲುಪಿದಾಗ ಬ್ಯಾಟರಿ ಶೇ 50ರ ಮೇಲೇ ಇರುತ್ತದೆ. ಹಾಸನದಲ್ಲಿ ಚಾರ್ಜಿಗೆ ನಿಲ್ಲುವ ಅಗತ್ಯವೇ ಇಲ್ಲ. ಜಾಹೀರಾತಿನ 630 ಕಿ.ಮೀ. ಯುರೋಪಿನ ಪರೀಕ್ಷಾ ಕ್ರಮದ್ದು. ಇಲ್ಲಿ 430–450 ಎಂದು ಹಿಡಿದು ದಾರಿ ಯೋಜಿಸಿದರೆ ಎದೆ ಹೊಡೆದುಕೊಳ್ಳುವುದಿಲ್ಲ.

ಹೆದ್ದಾರಿ ಬಿಟ್ಟು ತೋಟದ ಕಡೆ ತಿರುಗಿದ ಮೇಲೆ ಕಥೆ ಬೇರೆ. ಮೊದಲು ಪಂಚಾಯಿತಿ ಡಾಂಬರು, ಆಮೇಲೆ ಡಾಂಬರು ಕಿತ್ತ ಜಲ್ಲಿ, ಕೊನೆಯ ಎರಡು ಕಿಲೋಮೀಟರ್ ಕಾಫಿ ಗಿಡಗಳ ನಡುವಿನ ಮಣ್ಣುದಾರಿ. ಟ್ರ್ಯಾಕ್ಟರ್ ಮತ್ತು ಜೀಪುಗಳ ಚಕ್ರ ಮಳೆಗಾಲವಿಡೀ ಓಡಾಡಿ ಎರಡು ಕೊರಕಲು ಬಿದ್ದಿರುತ್ತವೆ, ನಡುವೆ ಹುಲ್ಲು ಬೆಳೆದ ದಿಬ್ಬ, ಹುಲ್ಲಿನೊಳಗೆ ಕಲ್ಲು. ನೆಲದಿಂದ ಗಾಡಿಯ ಹೊಟ್ಟೆಗೆ ಐಎಕ್ಸ್‌ನಲ್ಲಿ ಸುಮಾರು 200 ಮಿ.ಮೀ. ಅಂತರ. ಹೇಳಲು ಕಡಿಮೆಯೇನಲ್ಲ. ಆದರೆ ಕೊರಕಲು 150 ಮಿ.ಮೀ. ಆಳವಿದ್ದರೆ ಚಕ್ರಗಳು ಅಷ್ಟೂ ಕೆಳಗಿಳಿಯುತ್ತವೆ, ನಡುದಿಬ್ಬಕ್ಕೂ ಹೊಟ್ಟೆಗೂ ಉಳಿಯುವುದು 50. ಆ ಹೊಟ್ಟೆ ಎಂದರೆ ಬ್ಯಾಟರಿಯ ತಳ. ರಕ್ಷಣೆಯ ಹಾಳೆ ಇದೆ. ಒಂದು ಸಲ ಉಜ್ಜಿದರೆ ಏನೂ ಆಗಲಿಕ್ಕಿಲ್ಲ. ಆದರೆ ಎರಡೂವರೆ ಟನ್ ಭಾರ ಒಂದೇ ಕಲ್ಲಿನ ಮೊನೆಯ ಮೇಲೆ ಕೂತು ಚಕ್ರಗಳು ಗಾಳಿಯಲ್ಲಿ ತಿರುಗುವ ಸ್ಥಿತಿಗೆ ಹೋಗಬಾರದು.

ಐಎಕ್ಸ್‌ನಲ್ಲಿ ಇಂಥ ದಾರಿ ಬಂದರೆ ಮೊದಲು ಇಳಿದು ನಡೆಯಬೇಕು. ಇಂಬಳ ಹತ್ತುತ್ತದೆ, ಹತ್ತಲಿ. ಕೊರಕಲು ಅಂಗೈ ಉದ್ದಕ್ಕಿಂತ ಆಳವಿದ್ದರೆ ಅದರೊಳಗೆ ಇಳಿಯದೆ, ಒಂದು ಬದಿಯ ಚಕ್ರ ನಡುದಿಬ್ಬದ ಮೇಲೆ, ಇನ್ನೊಂದು ಬದಿಯದು ದಾರಿಯ ಅಂಚಿನ ಮೇಲೆ ಹೋಗುವಂತೆ ಹಿಡಿಯಬೇಕು. ಗಾಡಿಯ ಎತ್ತರ ಏರಿಳಿಸುವ ಏರ್ ಸಸ್ಪೆನ್ಷನ್ ಇದ್ದರೆ ಮೇಲಕ್ಕೆತ್ತಿಕೊಳ್ಳಬೇಕು. ಆಕ್ಸಿಲರೇಟರ್ ಮೇಲೆ ಕಾಲು ಮೆತ್ತಗಿರಲಿ. ಜಾರುವ ಚಕ್ರವನ್ನು ವಿದ್ಯುತ್ ಮೋಟರ್ ಹಿಡಿಯುವ ವೇಗ ಡೀಸೆಲ್ ಗಾಡಿಯ ಯಾವ ಬ್ರೇಕಿಗೂ ಇಲ್ಲ, ಒದ್ದೆ ಹುಲ್ಲಿನ ಚಡಾವನ್ನು ಐಎಕ್ಸ್ ನೀಟಾಗಿ ಏರಿಬಿಡುತ್ತದೆ. ಸೋಲುವುದು ಟೈರಿನಲ್ಲಿ. ಹೆದ್ದಾರಿಗಾಗಿ ಮಾಡಿದ 275/40 ಆರ್22 ಟೈರಿನ ಗೋಡೆಯ ಎತ್ತರ 110 ಮಿ.ಮೀ. ಮಾತ್ರ. ಕೆಂಪು ಜೇಡಿ ಅದರ ಸಣ್ಣ ಗೆರೆಗಳನ್ನು ನಾಲ್ಕೇ ಸುತ್ತಿನಲ್ಲಿ ಮೆತ್ತಿ ಮುಚ್ಚುತ್ತದೆ, ಮುಂದೆ ಓಡುವುದು ಸೋಪು. ಗಾಳಿ ಇಳಿಸೋಣವೆಂದರೆ ರಿಮ್ಮು ಕಲ್ಲಿಗೆ ತಾಗುತ್ತದೆ. ಚೂಪು ಜಂಬಿಟ್ಟಿಗೆ ಕಲ್ಲು ಗೋಡೆ ಸೀಳಿದರೆ ಪಂಕ್ಚರ್ ಕಿಟ್ಟಿನ ಅಂಟು ಕೆಲಸಕ್ಕೆ ಬರುವುದಿಲ್ಲ, ಡಿಕ್ಕಿಯ ನೆಲದಡಿ ಪೂರ್ಣ ಗಾತ್ರದ ಸ್ಟೆಪ್ನಿಗೆ ಜಾಗವೂ ಇಲ್ಲ. ಈ ಗಾಡಿಯನ್ನು ಚಕ್ರ ನೆಲದ ಮೇಲೆ ಉರುಳಿಸುತ್ತಾ ಎಳೆದೊಯ್ಯಬಾರದು, ಫ್ಲಾಟ್‌ಬೆಡ್ ಲಾರಿಯೇ ಬೇಕು. ಅಂಥ ಲಾರಿ ತೋಟದ ಗೇಟಿನ ತನಕ ಬರುತ್ತದೆಯೇ ಎಂಬುದು ಮತ್ತೊಂದು ಪ್ರಶ್ನೆ.

ಡಿಫೆಂಡರ್‌ಗೆ ಇದೇ ಎರಡು ಕಿಲೋಮೀಟರ್ ಮನೆಯಂಗಳ. ಮಾಡಬೇಕಾದದ್ದು ಇಷ್ಟು. ಕೆಸರು ಶುರುವಾಗುವ ಮೊದಲೇ, ಗಟ್ಟಿ ನೆಲದಲ್ಲಿ ಪೂರ್ತಿ ನಿಲ್ಲಿಸಿ. ಬ್ರೇಕ್ ಒತ್ತಿಹಿಡಿದು ಗೇರನ್ನು ಎನ್‌ಗೆ ತನ್ನಿ. ವೇಗ ತಗ್ಗಿಸಿ ಬಲ ಹೆಚ್ಚಿಸುವ ಲೋ ರೇಂಜ್ ಗುಂಡಿ ಒತ್ತಿ, ಪರದೆಯಲ್ಲಿ ಅದು ಬಿದ್ದದ್ದು ಕಂಡ ಮೇಲೆ ಡಿ. ನೆಲಕ್ಕೆ ತಕ್ಕ ಕ್ರಮ ಆರಿಸುವ ಟೆರೈನ್ ರೆಸ್ಪಾನ್ಸ್‌ನಲ್ಲಿ ಕೆಸರು-ಕೊರಕಲಿನ ಚಿತ್ರವಿರುವ ಕ್ರಮ. ಏರ್ ಸಸ್ಪೆನ್ಷನ್ ಆಫ್‌ರೋಡ್ ಎತ್ತರಕ್ಕೆ ಏರುತ್ತದೆ. ಮಾಮೂಲಿ 218 ಮಿ.ಮೀ. ಇದ್ದ ಹೊಟ್ಟೆ 291ಕ್ಕೆ ಹೋಗುತ್ತದೆ. ಆ ಎತ್ತರದಲ್ಲಿ ಮುಂದಿನ ಕೋನ 38 ಡಿಗ್ರಿ, ಹಿಂದಿನದು 40. ಅಂದರೆ ಕೊರಕಲಿನಿಂದ ಮೇಲೇಳುವಾಗ ಬಂಪರ್ ಮಣ್ಣು ಉಳುವುದಿಲ್ಲ. ಮರೆಯಬಾರದ ಸಂಗತಿ ಒಂದಿದೆ: ವೇಗ ಹೆಚ್ಚಿಸಿದರೆ ಗಾಡಿ ತಾನೇ ತಗ್ಗುತ್ತದೆ. ನಡುವೆ ಸಿಕ್ಕ ಒಳ್ಳೆಯ ತುಂಡಿನಲ್ಲಿ ಅವಸರಪಟ್ಟು ಮುಂದಿನ ಗುಂಡಿಗೆ ತಗ್ಗಿದ ಗಾಡಿಯಲ್ಲೇ ಬೀಳುವುದುಂಟು.

ಇಲ್ಲೂ ಟೈರಿನ ಮಾತೇ ಕೊನೆಯ ಮಾತು. 20 ಇಂಚಿನ ರಿಮ್ಮಿನ 255/60 ಟೈರಿನ ಗೋಡೆ 153 ಮಿ.ಮೀ.; ಗಾಳಿಯನ್ನು 24–25 ಪಿಎಸ್ಐಗೆ ಇಳಿಸಿದರೆ ನೆಲವನ್ನು ಅಗಲವಾಗಿ ತಬ್ಬುತ್ತದೆ. ಹಿಂತಿರುಗಿ ಡಾಂಬರಿಗೆ ಬಂದ ತಕ್ಷಣ 12 ವೋಲ್ಟ್ ಕಂಪ್ರೆಸರ್‌ನಿಂದ ತುಂಬಬೇಕು, ಇಳಿದ ಗಾಳಿಯಲ್ಲಿ ಹೆದ್ದಾರಿ ಹಿಡಿದರೆ ಟೈರು ಕಾದು ಸಾಯುತ್ತದೆ. ಶೋರೂಮಿನ ರಸ್ತೆ ಟೈರಿನಲ್ಲೇ ಇರುವ ಡಿಫೆಂಡರ್ ಜೇಡಿಯಲ್ಲಿ ಐಎಕ್ಸ್‌ನಷ್ಟೇ ಜಾರುತ್ತದೆ. ಲೋ ರೇಂಜ್ ಬಲ ಕೊಡುತ್ತದೆ, ಹಿಡಿತ ಕೊಡುವುದಿಲ್ಲ.

ದಾರಿಯಲ್ಲೊಂದು ಹಳ್ಳ ಅಡ್ಡ ಹರಿಯುತ್ತಿದ್ದರೆ? ಡಿಫೆಂಡರ್ 900 ಮಿ.ಮೀ. ನೀರು ದಾಟಬಲ್ಲದು ಎಂಬುದು ನಿಂತ ನೀರಿನ ಮಾತು. ಹರಿವ ನೀರು ಅದರ ಅರ್ಧ ಆಳದಲ್ಲೇ ಗಾಡಿಯನ್ನು ಪಕ್ಕಕ್ಕೆ ನೂಕಬಲ್ಲದು. ಕೋಲು ಹಿಡಿದು ಮೊದಲು ನಡೆದು ನೋಡಿ. ನಡೆಯಲಾಗದ ನೀರಿಗೆ ಗಾಡಿ ಇಳಿಸಬೇಡಿ. ನೀರಿನ ಕ್ರಮ ಆರಿಸಿಕೊಂಡರೆ ಗಾಡಿ ತಾನೇ ಎತ್ತರವಾಗುತ್ತದೆ, ಎಸಿ ಒಳಗಾಳಿಗೆ ತಿರುಗುತ್ತದೆ, ದಾಟಿದ ಮೇಲೆ ಬ್ರೇಕ್ ಪ್ಯಾಡುಗಳನ್ನು ಮೆಲ್ಲಗೆ ಉಜ್ಜಿ ಒಣಗಿಸಿಕೊಳ್ಳುತ್ತದೆ.

ರಾತ್ರಿಯ ಕೆಲಸ ಐಎಕ್ಸ್‌ನದು. ಪ್ಲಗ್ ಹಾಕಿದರೆ ಚಾರ್ಜರ್‌ನಲ್ಲಿ ಕೆಂಪು ದೀಪ. ಮಲೆನಾಡಿನ ಹಳೇ ಮನೆಗಳಲ್ಲಿ ಹತ್ತಕ್ಕೆ ಒಂಬತ್ತು ಸಲ ಕಾರಣ ಒಂದೇ, ಅರ್ಥಿಂಗ್ ಇಲ್ಲ. ಸಾಕೆಟ್ಟಿಗೆ ಮೂರು ತೂತಿರುತ್ತದೆ, ಮೇಲಿನ ತೂತಿನ ಹಿಂದೆ ತಂತಿಯೇ ಇರುವುದಿಲ್ಲ. ಬೇರೆ ಸಾಕೆಟ್ ಹುಡುಕಬೇಕೇ ಹೊರತು ಅರ್ಥ್ ಪಿನ್ನಿಗೂ ನ್ಯೂಟ್ರಲ್‌ಗೂ ತಂತಿ ಜೋಡಿಸಿ ಚಾರ್ಜರ್‌ಗೆ ಮೋಸ ಮಾಡಬಾರದು. ನ್ಯೂಟ್ರಲ್ ಕಡಿದರೆ ಗಾಡಿಯ ಮೈಯೇ ಶಾಕ್ ಹೊಡೆಯುತ್ತದೆ. ಕರೆಂಟು ಹೋಗಿ ಜನರೇಟರ್ ಹಾಕಿದಾಗಲೂ ಇದೇ ಕೆಂಪು ದೀಪ, ಏಕೆಂದರೆ ಸಣ್ಣ ಜನರೇಟರ್‌ಗಳಲ್ಲಿ ನ್ಯೂಟ್ರಲ್ ನೆಲಕ್ಕೆ ಸೇರಿರುವುದಿಲ್ಲ. ತೋಟದ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಇದೆಯಲ್ಲ ಎಂದು ಕೆಲವರು ತೋರಿಸುತ್ತಾರೆ. ಅದು ಕೃಷಿಗೆಂದು ಕೊಟ್ಟ ಲೈನು, ಕಾರಿಗಲ್ಲ.

ಒಳ್ಳೆಯ ಸಾಕೆಟ್ ಸಿಕ್ಕರೆ 10 ಆಂಪಿಯರ್‌ಗೆ ಇಟ್ಟುಕೊಳ್ಳಿ. 230 ವೋಲ್ಟ್ ಇದ್ದರೆ ಗಂಟೆಗೆ 2.3 ಯೂನಿಟ್, ಹತ್ತು ಗಂಟೆಯಲ್ಲಿ ನಷ್ಟ ಕಳೆದು 20 ಯೂನಿಟ್, 90 ಕಿ.ಮೀ. ಓಟ. ಸಂಜೆ ಹೊತ್ತು ವೋಲ್ಟೇಜು 180ಕ್ಕೆ ಕುಸಿದರೆ ಅದೂ ಇಲ್ಲ. ಎಕ್ಸ್‌ಟೆನ್ಷನ್ ವಯರು ಬೇಡವೆಂದು ಚಾರ್ಜರ್ ಮಾಡುವವರೇ ಹೇಳುತ್ತಾರೆ, ಸುರುಳಿ ಬಿಚ್ಚದೆ ಬಿಟ್ಟ ವಯರು ರಾತ್ರಿಯಿಡೀ ಕಾದು ಕರಗುತ್ತದೆ. ಗಾಡಿಯನ್ನೇ ಪ್ಲಗ್ಗಿನ ಹತ್ತಿರ ನಿಲ್ಲಿಸಿ. ಒಂದು ಗಂಟೆಯ ನಂತರ ಪ್ಲಗ್ಗಿನ ತಲೆ ಮುಟ್ಟಿ ನೋಡಿ, ಬೆರಳು ಇಡಲಾಗದಷ್ಟು ಬಿಸಿಯಿದ್ದರೆ 6–8 ಆಂಪಿಯರ್‌ಗೆ ಇಳಿಸಿ.

ಎರಡನೇ ದಿನ: ಸಕಲೇಶಪುರ – ಮಂಗಳೂರು – ಉಡುಪಿ, ಸುಮಾರು 190 ಕಿ.ಮೀ.

ಮಾರನಹಳ್ಳಿಯಿಂದ ಅಡ್ಡಹೊಳೆಗೆ ಇಳಿಯುವ 26 ಕಿ.ಮೀ. ಶಿರಾಡಿ ಘಾಟಿ. 2015 ಮತ್ತು 2018ರಲ್ಲಿ ಎರಡು ಹಂತಗಳಲ್ಲಿ ಕಾಂಕ್ರೀಟ್ ಆದ ಮೇಲೆ ಗುಂಡಿ ಹೋಯಿತು, ಟೈರಿನ ಗುಂಯ್ ಸದ್ದು ಬಂತು. ಮಳೆಗಾಲದಲ್ಲಿ ಗುಡ್ಡ ಕುಸಿದು ದಾರಿ ಮುಚ್ಚುವುದು ಇದ್ದೇ ಇದೆ. ಹೊರಡುವ ಬೆಳಿಗ್ಗೆ ವಿಚಾರಿಸಿ ಹೊರಡಿ.

ಇಳಿಜಾರಿನಲ್ಲಿ ವಿದ್ಯುತ್ ಗಾಡಿಗೆ ಚಾರ್ಜು ಪುಕ್ಕಟೆ ಎನ್ನುವವರಿಗೆ ಒಂದು ಲೆಕ್ಕ. ನಾಲ್ವರು ಮತ್ತು ಸಾಮಾನು ಸೇರಿ ಐಎಕ್ಸ್ ತೂಕ 2,850 ಕಿಲೋ ಎನ್ನೋಣ. 850 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ 6.6 ಯೂನಿಟ್. ಅದರಲ್ಲಿ ಎರಡೂವರೆಯಷ್ಟು ಟೈರಿನ ಉರುಳಿಗೂ ಗಾಳಿಗೂ ಹೋಗುತ್ತದೆ. ಉಳಿದ ನಾಲ್ಕು ಮೋಟರ್ ಮೂಲಕ ಬ್ಯಾಟರಿಗೆ ಮರಳುವಾಗ ಕಾಲುಭಾಗ ಸೋರುತ್ತದೆ, ಎಸಿ ತನ್ನ ಪಾಲು ಕೇಳುತ್ತದೆ. ಕೊನೆಗೆ ಪರದೆಯಲ್ಲಿ ಶೇ 2–3 ಏರಿದರೆ ಅದೇ ಸರಿಯಾದ ಲೆಕ್ಕ. ಪುಕ್ಕಟೆ ಸಿಗುವುದು ಚಾರ್ಜಿಗಿಂತ ಬ್ರೇಕು: ಮೋಟರೇ ಬಲವಾಗಿ ತಡೆಯುವ ಬಿ ಕ್ರಮದಲ್ಲಿ ಆಕ್ಸಿಲರೇಟರ್‌ನಿಂದ ಕಾಲೆತ್ತಿದರೆ ಸಾಕು, ಘಟ್ಟವಿಡೀ ಪ್ಯಾಡು ಕಾಯುವುದೇ ಇಲ್ಲ. ಆದರೆ ಬ್ಯಾಟರಿ ಪೂರ್ತಿ ತುಂಬಿದ್ದರೆ ಆ ಶಕ್ತಿಗೆ ಹೋಗಲು ಜಾಗವಿರುವುದಿಲ್ಲ. ಕಾಲೆತ್ತಿದಾಗ ಹಿಡಿಯಬೇಕಾದ ಗಾಡಿ ಹಿಡಿಯದೆ ಮುಂದಕ್ಕೆ ಹೋಗುತ್ತದೆ, ಅಭ್ಯಾಸವಿಲ್ಲದವರಿಗೆ ಎದೆ ಧಸಕ್ಕೆನ್ನುತ್ತದೆ. ಘಟ್ಟದ ತಲೆಯಲ್ಲಿ ತಂಗಿದವರು ಶೇ 90ಕ್ಕೆ ಚಾರ್ಜು ನಿಲ್ಲಿಸುವುದು ಒಳ್ಳೆಯದು.

ಡಿಫೆಂಡರ್‌ನಲ್ಲಿ ಗೇರಿನ ಕೋಲನ್ನು ಪಕ್ಕಕ್ಕೆ ತಳ್ಳಿ, ಸ್ಟೀರಿಂಗ್ ಹಿಂದಿನ ಪ್ಯಾಡಲ್‌ನಿಂದ ಮೂರನೇ ಗೇರಿಗೆ ತಂದು ಇಳಿಯಬೇಕು. ಲಾರಿಯ ಹಿಂದೆ ಸಿಕ್ಕಿಕೊಂಡರೆ ಎರಡನೆಯದು. ಎಂಟು ಗೇರಿನ ಆಟೊಮ್ಯಾಟಿಕ್ಕನ್ನು ಡಿಯಲ್ಲೇ ಬಿಟ್ಟರೆ ಅದು ಮೈಲೇಜಿನ ಆಸೆಗೆ ಮೇಲಿನ ಗೇರಿಗೆ ಹೋಗುತ್ತದೆ, ಹೊರೆಯೆಲ್ಲ ಬ್ರೇಕಿನ ಮೇಲೆ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗದಲ್ಲಿ ಹತ್ತು ನಿಮಿಷ ನಿಲ್ಲಿಸಿ, ಕಾದ ಡಿಸ್ಕಿಗೆ ನೀರು ಎರಚಬೇಡಿ.

ಅಡ್ಡಹೊಳೆಯಿಂದ ಬಿ.ಸಿ. ರೋಡ್ ಕಡೆಗೆ ಅಗಲೀಕರಣ ಮುಗಿಯದ ಕಡೆ ಧೂಳು, ತಿರುವುದಾರಿ. ಕಲ್ಲಡ್ಕದಲ್ಲಿ ಕೆಟಿ ಕುಡಿಯಿರಿ, ಲೋಟದಲ್ಲಿ ಹಾಲೂ ಡಿಕಾಕ್ಷನ್ನೂ ಬೇರೆಬೇರೆ ಪದರವಾಗಿ ನಿಲ್ಲುವ ಚಹಾ. ನಂತರ ಮಂಗಳೂರಿನಲ್ಲಾಗಲಿ ಉಡುಪಿಯಲ್ಲಾಗಲಿ ಐಎಕ್ಸ್‌ಗೆ ಬೇಗ ತುಂಬುವ ಡಿಸಿ ಚಾರ್ಜು. ಗಾಡಿ 195 ಕಿಲೋವ್ಯಾಟ್ ತನಕ ನುಂಗಬಲ್ಲದು. ಊರುಗಳಲ್ಲಿ ಹೆಚ್ಚಾಗಿ ಸಿಗುವುದು 30 ಅಥವಾ 60 ಕಿಲೋವ್ಯಾಟಿನ ಯಂತ್ರ. ಶೇ 20ರಿಂದ 80ಕ್ಕೆ 63 ಯೂನಿಟ್ ಬೇಕು: 60ರಲ್ಲಿ ಒಂದು ಗಂಟೆ ಚಿಲ್ಲರೆ, 30ರಲ್ಲಿ ಎರಡು ಗಂಟೆ ಚಿಲ್ಲರೆ. ಎರಡು ಗನ್ ಇರುವ 60ರ ಯಂತ್ರಕ್ಕೆ ಇನ್ನೊಬ್ಬರು ಬಂದು ಜೋಡಿಸಿದರೆ ಹಂಚಿಕೊಂಡು 30 ಆಗುವುದುಂಟು. ಊಟದ ಹೊತ್ತಿಗೆ ಹಾಕಿದರೆ ಯಾವುದೂ ತೊಂದರೆಯಲ್ಲ.

ಉಡುಪಿಯ ಲಾಡ್ಜಿನ ನೆಲಮಾಳಿಗೆಯಲ್ಲಿ ಡಿಫೆಂಡರ್ ತನ್ನ ಎತ್ತರಕ್ಕೆ ದಂಡ ತೆರುತ್ತದೆ. ಚಾವಣಿಗೆ ಕ್ಯಾರಿಯರ್ ಹಾಕಿದ್ದರೆ ಎರಡು ಮೀಟರ್ ದಾಟುತ್ತದೆ. ಹತ್ತಿಳಿಯುವ ಎತ್ತರಕ್ಕೆ ಇಳಿಸಿದರೆ 50 ಮಿ.ಮೀ. ಕಡಿಮೆಯಾಗುತ್ತದೆ, ಕೆಲವೊಮ್ಮೆ ಆ ಐವತ್ತೇ ತೊಲೆಯಡಿ ದಾಟಿಸುತ್ತದೆ. ಹಿಂಬಾಗಿಲು ಮೇಲಕ್ಕೇಳದೆ ಪಕ್ಕಕ್ಕೆ ತೆರೆಯುವುದರಿಂದ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿದರೆ ಪೆಟ್ಟಿಗೆ ತೆಗೆಯಲಾಗದು. ಅಜ್ಜಿ ತಾತ ಜೊತೆಗಿದ್ದರೆ ಪಕ್ಕದ ಮೆಟ್ಟಿಲು ಹಾಕಿಸಿಯೇ ಬನ್ನಿ. ಐಎಕ್ಸ್ 1,696 ಮಿ.ಮೀ. ಎತ್ತರದ್ದು, ಸೀರೆ ಉಟ್ಟವರೂ ಸರಾಗ ಕೂರುತ್ತಾರೆ.

ಕಡಲ ಮರಳಿಗೆ ಎರಡನ್ನೂ ಇಳಿಸಬೇಡಿ. ಅದು ಗಾಡಿ ಓಡಿಸುವ ಜಾಗವಲ್ಲ, ಉಪ್ಪುನೀರು ಯಾವ ಲೋಹಕ್ಕೂ ಒಳ್ಳೆಯದಲ್ಲ. ಕರಾವಳಿಯ ತೇವದಲ್ಲಿ ಒಂದು ರಾತ್ರಿ ನಿಂತರೆ ಬ್ರೇಕ್ ಡಿಸ್ಕ್ ಮೇಲೆ ತುಕ್ಕಿನ ಪದರ ಬರುತ್ತದೆ. ಡಿಫೆಂಡರ್‌ನಲ್ಲಿ ಮೊದಲ ಸಿಗ್ನಲ್‌ಗೇ ಅದು ಉಜ್ಜಿಹೋಗುತ್ತದೆ. ಮೋಟರಿನಲ್ಲೇ ವೇಗ ತಗ್ಗಿಸುವ ಐಎಕ್ಸ್‌ನಲ್ಲಿ ಉಳಿದುಬಿಡುತ್ತದೆ. ಹಿಂದೆ ಗಾಡಿಯಿಲ್ಲದಾಗ ಮೂರು-ನಾಲ್ಕು ಸಲ ಬ್ರೇಕನ್ನು ಬಲವಾಗಿ ಒತ್ತಬೇಕು.

ಮೂರನೇ ದಿನ: ಉಡುಪಿ – ಆಗುಂಬೆ – ಶೃಂಗೇರಿ – ಚಿಕ್ಕಮಗಳೂರು, ಸುಮಾರು 175 ಕಿ.ಮೀ.

ಹೆಬ್ರಿ, ಸೋಮೇಶ್ವರ ದಾಟಿದರೆ ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿ. ಭಾರಿ ವಾಹನಗಳಿಗೆ ನಿರ್ಬಂಧವಿದೆ, ಸಣ್ಣ ಬಸ್ಸುಗಳು ಓಡುತ್ತವೆ. ಎರಡು ಮೀಟರ್ ಅಗಲದ ಗಾಡಿಗೆ ಈ ದಾರಿಯ ಕಷ್ಟ ಏರಲ್ಲ, ತಿರುವು. ಡಿಫೆಂಡರ್ ಮೈ 1,996 ಮಿ.ಮೀ., ಐಎಕ್ಸ್ 1,967. ಕಾಗದದಲ್ಲಿ ವ್ಯತ್ಯಾಸವೇ ಇಲ್ಲ. ಓಡಿಸುವವರಿಗೆ ಇದೆ. ಡಿಫೆಂಡರ್‌ನಲ್ಲಿ ಕುಳಿತ ಜಾಗದಿಂದ ಬಾನೆಟ್ಟಿನ ಎರಡೂ ಮೂಲೆ ಕಾಣುತ್ತವೆ, ಎದುರು ಬಸ್ಸು ಬಂದಾಗ ಚರಂಡಿ ಕಲ್ಲಿಗೆ ಎಷ್ಟು ಗೇಣು ಉಳಿದಿದೆ ಎಂದು ಕಣ್ಣೇ ಹೇಳುತ್ತದೆ. ಐಎಕ್ಸ್‌ನ ಬಾನೆಟ್ ಇಳಿಜಾರಾಗಿ ಕಣ್ಣಿಗೆ ತಪ್ಪುತ್ತದೆ, ಕ್ಯಾಮೆರಾ ನಂಬಬೇಕು. ಆಗುಂಬೆಯ ಮಂಜಿನಲ್ಲಿ ಕ್ಯಾಮೆರಾ ಗಾಜಿನ ಮೇಲೆ ಹನಿ ಕೂತು ಚಿತ್ರ ಮಸುಕಾದರೆ ಇಳಿದು ಬಟ್ಟೆಯಲ್ಲಿ ಒರೆಸುವುದೇ ದಾರಿ.

ಡಿಫೆಂಡರ್‌ಗೆ ಬೇರೆ ತಾಪತ್ರಯ. ತಿರುಗಲು 12.84 ಮೀಟರ್ ಬೇಕು. ಬಿಗಿಯಾದ ತಿರುವಿನಲ್ಲಿ ಹೊರ ಅಂಚಿನಿಂದ ಒಳಗೆ ಬರಬೇಕು, ಎದುರಿನವರಿಗೆ ಮೊದಲೇ ಹಾರ್ನ್ ಮಾಡಿ ತಿಳಿಸಬೇಕು. ಎತ್ತರದ ಗಾಡಿಯಾದ್ದರಿಂದ ತಿರುವು ತಿರುವಿಗೂ ತೂಗುತ್ತದೆ, ಹಿಂದೆ ಕೂತ ಮಕ್ಕಳು ಏಳನೇ ತಿರುವಿಗೆ ಕಿಟಕಿ ಕೇಳುತ್ತಾರೆ. ಐಎಕ್ಸ್ ತೂಗುವುದಿಲ್ಲ, ಆದರೂ ವಾಂತಿ ತಪ್ಪದು: ಕಾಲೆತ್ತಿದಾಗಲೆಲ್ಲ ಗಾಡಿ ತಡೆದು, ಒತ್ತಿದಾಗಲೆಲ್ಲ ಚಿಮ್ಮುವುದರಿಂದ ತಲೆ ಹಿಂದೆಮುಂದೆ ಆಡುತ್ತದೆ. ಏರುವಾಗ ಬಿ ಬಿಟ್ಟು ಡಿಯಲ್ಲಿ, ಮೋಟರಿನ ತಡೆಯಾದ ರಿಜನರೇಷನ್ ಕಡಿಮೆ ಇಟ್ಟು ಓಡಿಸಿದರೆ ಹಿಂದಿನವರು ಹರಸುತ್ತಾರೆ.

ಏರಿನ ಬೆಲೆ ಇಷ್ಟು. ಸೋಮೇಶ್ವರದಿಂದ ಆಗುಂಬೆಗೆ ಸುಮಾರು 540 ಮೀಟರ್. ಎರಡೂ ಗಾಡಿಗಳ ತುಂಬಿದ ತೂಕ ಹತ್ತಿರ ಹತ್ತಿರ, ಎತ್ತಲು ಬೇಕಾದದ್ದು 4 ಯೂನಿಟ್ಟಿನಷ್ಟು. ಲೀಟರ್ ಡೀಸೆಲ್ಲಿನಲ್ಲಿ 10 ಯೂನಿಟ್ ಶಕ್ತಿಯಿದ್ದರೂ ಎಂಜಿನ್ ಚಕ್ರಕ್ಕೆ ತಲುಪಿಸುವುದು ಮೂರರಲ್ಲಿ ಒಂದು ಪಾಲು, ಹೆಚ್ಚೆಂದರೆ ಇನ್ನೊಂದಿಷ್ಟು. ಅಂದರೆ ಬರೀ ಎತ್ತರಕ್ಕೆ ಒಂದು ಲೀಟರಿನ ಮೇಲೆ. ಐಎಕ್ಸ್‌ಗೆ ದಾರಿಯ ಖರ್ಚೂ ಸೇರಿ ಬ್ಯಾಟರಿಯ ಶೇ 5–6.

ಶೃಂಗೇರಿಯಿಂದ ಜಯಪುರ, ಬಾಳೆಹೊನ್ನೂರು, ಆಲ್ದೂರು ಮೇಲಿನ ದಾರಿ ಸುಂದರ, ಹಾಗೇ ಅಂಚು ಕಿತ್ತದ್ದು. ಎದುರು ಗಾಡಿಗೆ ಜಾಗ ಬಿಡಲು ಎಡ ಚಕ್ರ ಇಳಿಸುವಾಗ ಡಾಂಬರಿನ ತುದಿ ಚಾಕುವಿನಂತಿರುತ್ತದೆ. ಐಎಕ್ಸ್‌ನ ತೆಳು ಗೋಡೆಯ ಟೈರು ಊದಿಕೊಳ್ಳುವುದು ಇಂಥಲ್ಲೇ. 21 ಇಂಚಿನ ಚಕ್ರದ ಆಯ್ಕೆ ಇದ್ದರೆ ಮಲೆನಾಡಿಗೆ ಅದೇ ವಾಸಿ, 22 ಶೋರೂಮಿನ ಗಾಜಿನೊಳಗೆ ಚಂದ. ಈ ತುಂಡಿನಲ್ಲಿ ಡಿಫೆಂಡರ್‌ನಲ್ಲಿ ಗುಂಡಿ ನೋಡುವ ಕೆಲಸವೇ ಇಲ್ಲ, ಮಾತಾಡುತ್ತಾ ಓಡಿಸಬಹುದು.

ಸಮುದ್ರಮಟ್ಟದಿಂದ ಚಿಕ್ಕಮಗಳೂರಿನ 1,090 ಮೀಟರಿಗೆ ಏರಿದ ದಿನವಿದು. ಶೇ 80ರಲ್ಲಿ ಹೊರಟ ಐಎಕ್ಸ್ ಶೇ 30 ಚಿಲ್ಲರೆಯಲ್ಲಿ ತಲುಪುತ್ತದೆ. ಊರೊಳಗೆ, ಚಾರ್ಜರ್ ಇರುವ ಹೋಟೆಲಿನಲ್ಲೇ ತಂಗಬೇಕು. 11 ಕಿಲೋವ್ಯಾಟಿನ ಎಸಿ ಕಂಬ ಸಿಕ್ಕರೆ ಬೆಳಗಾಗುವಷ್ಟರಲ್ಲಿ ತುಂಬಿರುತ್ತದೆ.

ನಾಲ್ಕನೇ ದಿನ: ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ

1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ರಾಜ್ಯದಲ್ಲೇ ಎತ್ತರದ ಶಿಖರ. ದಾರಿ ಪೂರ್ತಿ ಡಾಂಬರು, ಆದ್ದರಿಂದ ಲೋ ರೇಂಜ್ ಇಲ್ಲಿ ಅಲಂಕಾರ. ಬೇಕಾದದ್ದು ಹಿಂದಕ್ಕೆ ಹೋಗುವ ಧೈರ್ಯ. ಕಡಿದಾದ ಕಿರುದಾರಿಯಲ್ಲಿ ಏರುವವರಿಗೆ ದಾರಿ ಬಿಡಬೇಕೆಂಬುದು ನಿಯಮ; ಶನಿವಾರ ಭಾನುವಾರಗಳಲ್ಲಿ ಮೊದಲು ಹಾರ್ನ್ ಮಾಡಿದವರದ್ದೇ ನಿಯಮ. ಹಿಂದೆ ಸರಿಯುವಾಗ ಐಎಕ್ಸ್ ಇಂಚಿಂಚು ಚಲಿಸುತ್ತದೆ, ಕ್ಲಚ್ಚೂ ಟರ್ಬೊ ಕಾಯುವಿಕೆಯೂ ಇಲ್ಲದ ಗಾಡಿಯ ಸುಖ ಇಂಥ ಜಾಗದಲ್ಲೇ ತಿಳಿಯುವುದು. ಡಿಫೆಂಡರ್‌ನಲ್ಲಿ ಹಿಂಗಾಜಿಗೆ ಸ್ಟೆಪ್ನಿಯೇ ಅಡ್ಡ. ಒಳಗನ್ನಡಿಯನ್ನು ಕ್ಯಾಮೆರಾ ನೋಟಕ್ಕೆ ಬದಲಿಸಿಕೊಂಡರೆ ಹಿಂದಿನದು ಕಾಣುತ್ತದೆ. ಚಾವಣಿಯ ಆ ಕ್ಯಾಮೆರಾವನ್ನು ನೆನಪಿಟ್ಟು ತೊಳೆದಿರಬೇಕು.

ಬೆಳಿಗ್ಗೆ ಏಳಕ್ಕೆ ಮೊದಲು ಏರಿ, ಜನ ಏರುವ ಹೊತ್ತಿಗೆ ಇಳಿಯುವುದು ಎರಡೂ ಗಾಡಿಗಳಿಗೆ ಒಪ್ಪುವ ಉಪಾಯ. ಪಕ್ಕದ ಮಣ್ಣಿನ ಹಾದಿಗಳು ಅರಣ್ಯದವು ಅಥವಾ ತೋಟದವು. ಡಿಫೆಂಡರ್ ಏರಬಲ್ಲದು ಎಂಬುದು ಏರಲು ಅನುಮತಿಯಲ್ಲ. 60 ಕಿ.ಮೀ. ಸುತ್ತಾಟಕ್ಕೆ ಐಎಕ್ಸ್ 18 ಯೂನಿಟ್ ತೆಗೆದುಕೊಳ್ಳಬಹುದು. ಮರುದಿನಕ್ಕೆ ಶೇ 70ಕ್ಕಿಂತ ಹೆಚ್ಚು ಇರುವಂತೆ ರಾತ್ರಿ ಮತ್ತೆ ಜೋಡಿಸಿಡಿ. ಡಿಫೆಂಡರ್‌ಗೂ ಈ ಊರಲ್ಲೇ 40 ಲೀಟರ್ ಹಾಕಿಸಿಕೊಂಡರೆ ಬೆಂಗಳೂರಿನ ತನಕ ಮಾತಿಲ್ಲ.

ಐದನೇ ದಿನ: ಬೇಲೂರು, ಹಾಸನ, ಬೆಂಗಳೂರು, ಸುಮಾರು 250 ಕಿ.ಮೀ.

ಮೊದಲ ದಿನದ ಹೆದ್ದಾರಿಯೇ, ಹೊಸದೇನಿಲ್ಲ. ಖರ್ಚು ಕೂಡಿಸಲು ಒಳ್ಳೆಯ ಹೊತ್ತು. ಘಟ್ಟ, ಹೆದ್ದಾರಿ ಸೇರಿ ಡಿಫೆಂಡರ್ ಲೀಟರಿಗೆ 9.5 ಕೊಟ್ಟರೆ 95 ಲೀಟರ್. ಲೀಟರಿಗೆ 90 ರೂಪಾಯಿ ಹಿಡಿದರೆ 8,550. ಐಎಕ್ಸ್‌ಗೆ ಚಾರ್ಜಿಂಗ್ ನಷ್ಟವೂ ಸೇರಿ 225 ಯೂನಿಟ್. ಮನೆ, ಹೋಮ್‌ಸ್ಟೇ, ಡಿಸಿ ಎಲ್ಲದರ ಸರಾಸರಿ 18 ರೂಪಾಯಿ ಎಂದರೆ 4,050. ಉಳಿದದ್ದು ನಾಲ್ಕೂವರೆ ಸಾವಿರ. ಕೋಟಿ ಕೊಟ್ಟು ಕೊಂಡವರು ಇದನ್ನು ಉಳಿತಾಯ ಎಂದರೆ ನಗು ಬರುತ್ತದೆ. ನಿಜವಾದ ವ್ಯತ್ಯಾಸ ಶೋರೂಮಿನಲ್ಲೇ ಆಗಿರುತ್ತದೆ: ವಿದ್ಯುತ್ ಕಾರಿಗೆ ಜಿಎಸ್‌ಟಿ ಶೇ 5, ದೊಡ್ಡ ಡೀಸೆಲ್ ಎಸ್‌ಯುವಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 40. ಕರ್ನಾಟಕದಲ್ಲಿ 2024ರ ತಿದ್ದುಪಡಿಯ ನಂತರ 25 ಲಕ್ಷ ಮೀರಿದ ವಿದ್ಯುತ್ ಕಾರಿಗೂ ಆಜೀವ ತೆರಿಗೆ ಬಂತು, ಶೇ 10. ಇದೇ ಬೆಲೆಯ ಡೀಸೆಲ್ ಗಾಡಿಗೆ ಶೇ 18. ಒಂದು ಕೋಟಿ 30 ಲಕ್ಷದ ಗಾಡಿಗೆ ಸೆಸ್ ಬಿಟ್ಟೇ ಹತ್ತು ಲಕ್ಷದ ಅಂತರ. ಆ ಎರಡು ಕಿಲೋಮೀಟರ್ ಮಣ್ಣುದಾರಿಗೆ ಹೋಮ್‌ಸ್ಟೇಯವರ ಜೀಪನ್ನೇ ಕರೆಸಿಕೊಂಡು, ಐಎಕ್ಸ್ ಅನ್ನು ಡಾಂಬರು ಮುಗಿಯುವಲ್ಲಿ ಯಾರದಾದರೂ ಅಂಗಳದಲ್ಲಿ ನಿಲ್ಲಿಸುವುದು ಅಗ್ಗ. ವರ್ಷಕ್ಕೆರಡು ಸಲ ಮಲೆನಾಡಿಗೆ ಹೋಗುವವರಿಗೆ ಈ ಮಾತು. ತೋಟವೇ ಮನೆಯಾದವರಿಗೆ ಆ ಎರಡು ಕಿಲೋಮೀಟರ್ ದಿನಕ್ಕೆ ನಾಲ್ಕು ಸಲ ಬರುತ್ತದೆ, ಅವರ ಲೆಕ್ಕ ಬೇರೆ.

ಹಾಸನ ದಾಟಿ 80ರ ವೇಗದಲ್ಲಿ ಡಿಫೆಂಡರ್‌ನ ಸ್ಟೀರಿಂಗ್ ನಡುಗಲು ಶುರುವಾದರೆ ಗಾಬರಿಯಾಗಿ ಅಲೈನ್‌ಮೆಂಟ್ ಅಂಗಡಿ ಹುಡುಕಬೇಡಿ. ರಿಮ್ಮಿನ ಒಳಬದಿಯಲ್ಲಿ ತೋಟದ ಜೇಡಿ ಒಣಗಿ ಹೆಂಟೆಯಾಗಿ ಕೂತಿರುತ್ತದೆ, ಚಕ್ರದ ಸಮತೋಲ ಕೆಡಲು ಅಷ್ಟು ಸಾಕು. ನೀರು ಹಾಕುವಲ್ಲಿ ನಿಲ್ಲಿಸಿ, ಗಾಡಿಯನ್ನು ಆಫ್‌ರೋಡ್ ಎತ್ತರಕ್ಕೆ ಏರಿಸಿ, ಪೈಪಿನ ನೀರನ್ನು ಚಕ್ರದ ಹಿಂದಿನಿಂದ ಹೊರಮುಖವಾಗಿ ಬಿಡಿ. ಐಎಕ್ಸ್‌ನಲ್ಲೂ ಇದೇ ಕೆಲಸ, ಆದರೆ ಒತ್ತಡದ ಪೈಪನ್ನು ತಳದ ಕೇಬಲ್ ಜೋಡಣೆಗಳಿಗೂ ಚಾರ್ಜಿಂಗ್ ಬಾಯಿಗೂ ನೇರ ಹಿಡಿಯಬೇಡಿ. ಹಾಗೇ ಬಗ್ಗಿ ನಾಲ್ಕೂ ಟೈರಿನ ಒಳಗೋಡೆಯ ಮೇಲೆ ಕೈಯಾಡಿಸಿ. ಸೀಳು, ಊತ ಇದ್ದರೆ ಬೆರಳಿಗೆ ಸಿಗುತ್ತದೆ.